ಬೆಳೆ ಎಷ್ಟು ಅಂತ ಕೇಳುವ ಕೆಲಸ

ಮೊನ್ನೆ ಬೆಂಗಳೂರಿನಿಂದ ಒಬ್ಬ ಹುಡುಗಿ ಫೋನ್ ಮಾಡಿದ್ದಳು. ನಾನು ಬಿಟ್ಟುಬಂದ ಕೆಲಸಕ್ಕೆ ಅವಳು ಸೇರಿ ಇನ್ನೂ ಎರಡು ತಿಂಗಳು. ಮುಂದಿನ ವಾರ ಮೊದಲ ಸಲ ಹೊರದೇಶಕ್ಕೆ, ಕಾಫಿ ಬೆಳೆಗಾರರ ಸಂಘವೊಂದರ ತಪಾಸಣೆಗೆ ಹೊರಟಿದ್ದಾಳಂತೆ. “ಮೇಡಂ, ಟ್ರೈನಿಂಗಲ್ಲಿ ಎಲ್ಲಾ ಹೇಳಿಕೊಟ್ರು. ರೈತರು ಸುಳ್ಳು ಹೇಳಿದ್ರೆ ಹೇಗೆ ಕಂಡುಹಿಡಿಯೋದು ಅನ್ನೋದೊಂದು ಮಾತ್ರ ಹೇಳಲಿಲ್ಲ” ಎಂದಳು. ಒಲೆಯ ಮೇಲೆ ಹಾಲಿಟ್ಟಿದ್ದೆ. ಆಮೇಲೆ ಹೇಳುತ್ತೇನೆ ಅಂತ ಫೋನ್ ಇಡುವುದರೊಳಗೆ ಹಾಲು ಉಕ್ಕಿ ಒಲೆಯೆಲ್ಲ ಆಗಿತ್ತು. ಅವಳಿಗೆ ಕೊಡಬೇಕಾದ ಉತ್ತರ ಫೋನಿನಲ್ಲಿ ಮುಗಿಯುವಂಥದ್ದಲ್ಲ. ಹೇಳಹೊರಟರೆ ನನ್ನ ಮಾನವೂ ಸ್ವಲ್ಪ ಹೋಗುತ್ತದೆ. ಹೋದರೆ ಹೋಗಲಿ, ಬರೆದೇಬಿಡೋಣ ಅಂತ ಕೂತಿದ್ದೇನೆ.

ಮೊದಲು ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಚನ್ನಪಟ್ಟಣದಲ್ಲಿ ನಮ್ಮ ಬೀದಿಯವರಿಗೆ ಇವತ್ತಿಗೂ ಅದು ಅರ್ಥವಾಗಿಲ್ಲ. ಎದುರುಮನೆಯ ಬೊಂಬೆ ಕೆಲಸದ ಸಿದ್ದಯ್ಯನವರು, ನಾನು ಕಾಫಿಪುಡಿ ಮಾರಲು ದೇಶದೇಶ ತಿರುಗುತ್ತಿದ್ದೆ ಅಂತಲೇ ಎಲ್ಲರಿಗೂ ಹೇಳುತ್ತಾರೆ. ವಿಷಯ ಇಷ್ಟು. ಒಂದೆರಡು ಎಕರೆಯ ಸಣ್ಣ ಕಾಫಿ ಬೆಳೆಗಾರರು ಒಟ್ಟಾಗಿ ಸಂಘ ಕಟ್ಟಿಕೊಳ್ಳುತ್ತಾರೆ. ಅವರ ಕಾಫಿಗೆ ಫೇರ್ ಟ್ರೇಡ್ ಮುದ್ರೆ ಸಿಕ್ಕರೆ ನ್ಯಾಯವಾದ ಬೆಲೆ ಬರುತ್ತದೆ, ಜೊತೆಗೆ ಊರಿನ ಕೆಲಸಕ್ಕೆ ಅಂತ ಒಂದಿಷ್ಟು ಹೆಚ್ಚಿನ ದುಡ್ಡೂ ಬರುತ್ತದೆ. ಆ ಮುದ್ರೆಗೆ ಸಂಘ ಯೋಗ್ಯವೇ ಅಂತ ಹೋಗಿ ನೋಡಿಬರುವವರು ನಾವು. ಕಾಯಿ ಹಸಿರಾಗಿರುವಾಗ ಹೋಗಿ ಈ ಸಲ ಬೆಳೆ ಎಷ್ಟು ಬರಬಹುದು ಅಂತ ಅಂದಾಜು ಬರೆದುಕೊಳ್ಳುತ್ತೇವೆ. ಕೊಯ್ಲು ಮುಗಿದ ಮೇಲೆ ಸಂಘ ಮಾರಿದ್ದೆಷ್ಟು ಅಂತ ತಾಳೆ ನೋಡುತ್ತೇವೆ. ಅಂದಾಜಿಗಿಂತ ವಿಪರೀತ ಹೆಚ್ಚು ಮಾರಿದ್ದರೆ, ಹೊರಗಿನವರ ಕಾಫಿ ತಂದು ತಮ್ಮದರ ಜೊತೆ ಬೆರೆಸಿದ್ದಾರೆ ಅಂತ ಅನುಮಾನ. ಅನುಮಾನ ಬಲವಾದರೆ ಮುದ್ರೆಗೆ ತಡೆ.

ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಯ ಹೆಣ್ಣು ನಾನು. ನಮ್ಮದು ರೇಷ್ಮೆ ಹುಳ ಸಾಕುವ ಮನೆ. ಕೃಷಿ ಓದಿದ್ದೆ, ಇಂಗ್ಲಿಷ್ ಹೇಗೋ ಬರುತ್ತಿತ್ತು, ಬಾಯಿ ಜೋರಿತ್ತು. ಕಾಫಿ ಗಿಡವನ್ನು ಕೆಲಸಕ್ಕೆ ಸೇರುವವರೆಗೆ ಹತ್ತಿರದಿಂದ ನೋಡಿರಲಿಲ್ಲ. ನನಗೆ ಗುರುವಾಗಿ ಸಿಕ್ಕವರು ಕೊಡಗಿನ ಚಂಗಪ್ಪನವರು. ಎತ್ತರದ ಆಳು, ಕಡಿಮೆ ಮಾತು. ತೋಟಕ್ಕೆ ಹೋದರೆ ಅರ್ಧ ಗಂಟೆ ಪ್ರಶ್ನೆಯನ್ನೇ ಕೇಳದೆ ಸುಮ್ಮನೆ ನಡೆಯುವರು. ನನಗೋ ಮೂಗಿನ ತುದಿಯಲ್ಲೇ ಕೋಪ, ಎಲ್ಲದಕ್ಕೂ ಅವಸರ. “ಇವರು ಹೀಗೆ ವಾಕಿಂಗ್ ಮಾಡಿದರೆ ಫಾರಂ ತುಂಬುವವರು ಯಾರು?” ಅಂತ ಒಳಗೊಳಗೇ ಕುದಿಯುತ್ತಿದ್ದೆ.

ಅವರ ಜೊತೆ ಹೋದ ಮೊದಲ ದೂರದೂರು ಪೆರು. ಆ ಬೆಟ್ಟದ ಮೇಲಿನ ಹಳ್ಳಿಯಲ್ಲಿ ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ರಾಮನಗರದ ಬಂಡೆ ಹತ್ತಿ ಬೆಳೆದವಳು ಅನ್ನುವ ಜಂಬವೆಲ್ಲ ಮೊದಲ ದಿನವೇ ಇಳಿಯಿತು. ಆದರೂ ಎಲ್ಲವನ್ನೂ ನೋಡುವ ಆಸೆ. ಗಿಡಗಳು ಇಷ್ಟು ಇಳಿಜಾರಿನಲ್ಲಿ ಹೇಗೆ ನಿಂತಿವೆ, ಆಲೂಗಡ್ಡೆಯನ್ನು ಹೆಪ್ಪುಗಟ್ಟಿಸಿ ಒಣಗಿಸಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲವಂತೆ, ಅದು ಹೇಗೆ, ಹೆಂಗಸರು ನಡೆಯುತ್ತಲೇ ನೂಲುತ್ತಾರಲ್ಲ, ದಾರ ತುಂಡಾಗುವುದಿಲ್ಲವೇ. ಅಲ್ಲಿಯ ಸಂಘದ ಅಧ್ಯಕ್ಷನ ಮಗುವಿಗೆ ನಾನು ಚನ್ನಪಟ್ಟಣದ ಅರಗು ಹಚ್ಚಿದ ಗಿಲಕಿಯೊಂದನ್ನು ಕೊಟ್ಟುಬಿಟ್ಟೆ. ತಪಾಸಣೆಗೆ ಹೋದವರು ಕೊಡಲೂಬಾರದು, ತೆಗೆದುಕೊಳ್ಳಲೂಬಾರದು ಅನ್ನುವುದು ನಿಯಮ. ಮಗುವಿನ ಆಟಿಕೆ ತಾನೇ ಅಂದುಕೊಂಡಿದ್ದೆ. ಅಲ್ಲಿ ಕೊಟ್ಟದ್ದಕ್ಕೆ ಮರುಕೊಡದಿದ್ದರೆ ಮನೆತನಕ್ಕೇ ಅವಮಾನವಂತೆ. ಹೊರಡುವಾಗ ನೋಡಿದರೆ ಜೀಪಿನ ಹಿಂದೆ ಕಾಲು ಕಟ್ಟಿದ ಎರಡು ಕೋಳಿ. ಬೇಡ ಅಂದರೆ ಆತನ ಮುಖ ಕಪ್ಪಿಡುತ್ತದೆ, ತೆಗೆದುಕೊಂಡರೆ ನನ್ನ ಕೆಲಸ ಹೋಗುತ್ತದೆ. ಕೊನೆಗೆ ಚಂಗಪ್ಪನವರು ಕೋಳಿಗಳನ್ನು ಶಾಲೆಯ ಬಿಸಿಯೂಟಕ್ಕೆ ಒಪ್ಪಿಸಿ, ವರದಿಯಲ್ಲಿ “ಗಿಲಕಿ ಒಂದು, ಕೋಳಿ ಎರಡು, ತಪ್ಪು ನಮ್ಮದು” ಅಂತ ಬರೆದರು. ಬೈಯಲಿಲ್ಲ. ವಿಮಾನದಲ್ಲಿ ಕೂತ ಮೇಲೆ ಇಷ್ಟೇ ಅಂದರು: “ಊರು ಹೊಸದು ಅಂತ ನಮಗೆ ಅನ್ನಿಸುತ್ತೆ, ಜಯಮ್ಮ. ಅವರಿಗೆ ಹೊಸಬರು ನಾವು.”

ಆ ಮಾತು ಕಿವಿಗೆ ಹೋಯಿತು, ತಲೆಗೆ ಹೋಗಲಿಲ್ಲ.

ವರ್ಷಗಳು ಕಳೆದವು. ಗ್ವಾಟೆಮಾಲ, ಉಗಾಂಡ, ಸುಮಾತ್ರಾ ಅಂತ ತಿರುಗಿ, ಯಾರ ಆಸರೆಯೂ ಇಲ್ಲದೆ ಒಬ್ಬಳೇ ತಪಾಸಣೆ ಮಾಡುವಷ್ಟಾದೆ. ಎಲ್ಲಿ ಹೋದರೂ ಹುರಿಹಿಟ್ಟಿನ ಡಬ್ಬಿ ಒಂದು, ಉಪ್ಪಿನಕಾಯಿ ಒಂದು. ವರದಿ ಬೇಗ ಕೊಡುತ್ತಾಳೆ, ಚೊಕ್ಕ ಕೊಡುತ್ತಾಳೆ ಅನ್ನುವ ಹೆಸರೂ ಬಂತು. ಇಥಿಯೋಪಿಯಾದ ದಕ್ಷಿಣದ ಬೆಟ್ಟದ ಸಂಘವೊಂದಕ್ಕೆ ಹೋದದ್ದು ಆ ಕಾಲದಲ್ಲಿ.

ಕಾಫಿ ಹುಟ್ಟಿದ ನಾಡು ಅದು. ತೋಟ ಅಂತ ಬೇರೆ ಇರುವುದಿಲ್ಲ, ಮನೆಯ ಸುತ್ತಲೇ ಕಾಫಿ. ಅದರ ನಡುನಡುವೆ ಬಾಳೆಯ ಹಾಗೇ ಕಾಣುವ ದೈತ್ಯ ಗಿಡಗಳು. ಹಣ್ಣೆಲ್ಲಿ ಅಂತ ನಾನು ಹುಡುಕಿದ್ದೇ ಹುಡುಕಿದ್ದು. ಆ ಗಿಡದ ಹಣ್ಣು ತಿನ್ನುವುದಿಲ್ಲವಂತೆ, ದಿಂಡು ಹೆರೆದು, ಗಡ್ಡೆ ಜಜ್ಜಿ, ನೆಲದಲ್ಲಿ ಹುಗಿದು ಹುಳಿಬರಿಸಿ ರೊಟ್ಟಿ ಮಾಡುತ್ತಾರಂತೆ. ನಮ್ಮಲ್ಲಿ ರಾಗಿ ಹೇಗೋ ಅಲ್ಲಿ ಅದು. ನನ್ನ ಜೊತೆ ದುಭಾಷಿಯಾಗಿ ಬಂದವರು ತೆಸ್ಫಾಯೆ ಅಂತ, ಸಂಘದ ಕಾರ್ಯದರ್ಶಿ, ನಲವತ್ತರ ಆಚೆಯ ಸೌಮ್ಯ ಮನುಷ್ಯ. ಮೊದಲ ಮನೆ ಅಬೆಬೆಚ್ ಎಂಬ ಅಜ್ಜಿಯದು. ಸಂಘದ ಹೆಂಗಸರಿಗೆಲ್ಲ ಆಕೆಯೇ ಮುಂದಾಳು. ಮುದ್ರೆಯ ಹೆಚ್ಚಿನ ದುಡ್ಡಿನಲ್ಲಿ ಊರಿಗೊಂದು ಹಿಟ್ಟಿನ ಗಿರಣಿ ಆಗಬೇಕು ಅಂತ ಪಟ್ಟುಹಿಡಿದು ನಿರ್ಣಯ ಮಾಡಿಸಿದ್ದರು. ಆಗೆಲ್ಲ ಅಲ್ಲಿಯ ಹೆಂಗಸರು ಮುಸುಕಿನ ಜೋಳದ ಮೂಟೆ ಹೊತ್ತು ಗಿರಣಿಗೆ ಅರ್ಧ ದಿನದ ದಾರಿ ನಡೆಯುತ್ತಿದ್ದರು. ಗಿರಣಿಗೆ ಜಾಗ ಅಂತ ತೆರವು ಮಾಡಿದ್ದನ್ನು ಅಜ್ಜಿ ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದರು. ನಾಲ್ಕು ಮೂಲೆಗೆ ನಾಲ್ಕು ಕಲ್ಲು ನೆಟ್ಟಿತ್ತು.

ಆಮೇಲೆ ಮನೆಯಲ್ಲಿ ಹಸಿ ಬೀಜ ಹುರಿದು, ಕುಟ್ಟಿ, ಮಣ್ಣಿನ ಹೂಜಿಯಲ್ಲಿ ಕಾಯಿಸಿ, ಕಿವಿಯಿಲ್ಲದ ಪುಟ್ಟ ಬಟ್ಟಲಿನಲ್ಲಿ ಕಾಫಿ ಕೊಟ್ಟರು. ಅದೇ ಪುಡಿಗೆ ಮತ್ತೆ ನೀರು ಹಾಕಿ ಎರಡನೇ ಬಟ್ಟಲು, ಆಮೇಲೆ ಮೂರನೆಯದು. ಮೂರೂ ಕುಡಿದು ಏಳುವುದು ಅಲ್ಲಿನ ಪದ್ಧತಿ. ನನಗೆ ಅವತ್ತು ಇನ್ನೂ ಹನ್ನೊಂದು ಮನೆ ಇತ್ತು. ಮೊದಲ ಬಟ್ಟಲು ಕೆಳಗಿಡುವ ಮೊದಲೇ ಫಾರಂ ತೆಗೆದು, ಈ ವರ್ಷ ಬೆಳೆ ಎಷ್ಟು ಬರಬಹುದು ಅಂತ ಕೇಳಿದೆ. ಅಜ್ಜಿ ನೆಲ ನೋಡಿ ಎರಡೇ ಮಾತು ಆಡಿದರು. “ಸ್ವಲ್ಪ ಇದೆ ಅಂತಾರೆ” ಅಂದರು ತೆಸ್ಫಾಯೆ. ಸ್ವಲ್ಪ ಅಂದರೆ ಎಷ್ಟು ಚೀಲ ಅಂತ ಒತ್ತಾಯ ಮಾಡಿದೆ. ಅಜ್ಜಿ ಎರಡು ಬೆರಳು ತೋರಿಸಿದರು. ತೆಸ್ಫಾಯೆ ನನ್ನ ಕಡೆ ತಿರುಗಿ, “ಮೇಡಂ, ಒಂದು ಮಾತು, ಇಲ್ಲಿ ಇವರು ಹೀಗೆ ಹೇಳೋದು...” ಅಂತ ಶುರುಮಾಡಿದರು. ನಾನು ಅಲ್ಲೇ ತಡೆದೆ.

“ಅವರು ಹೇಳಿದ್ದನ್ನಷ್ಟೇ ಹೇಳಿ. ನಿಮ್ಮ ಅಭಿಪ್ರಾಯ ಬೇಡ” ಅಂದೆ.

ನಿಯಮದ ಪ್ರಕಾರ ನಾನಾಡಿದ್ದು ಸರಿಯಾಗಿಯೇ ಇತ್ತು. ದುಭಾಷಿ ತನ್ನ ಕಡೆಯಿಂದ ಏನೂ ಸೇರಿಸಕೂಡದು. ಆ ಮನುಷ್ಯ ಬಾಯಿಮುಚ್ಚಿಕೊಂಡರು, ಆಮೇಲೆ ಹನ್ನೊಂದು ಮನೆಯಲ್ಲೂ ಒಂದು ಅಕ್ಷರ ಹೆಚ್ಚು ಆಡಲಿಲ್ಲ. ಎಲ್ಲ ಮನೆಯಲ್ಲೂ ಅದೇ ಉತ್ತರ: ಸ್ವಲ್ಪ ಇದೆ, ಏನೋ ಒಂದಿಷ್ಟು, ದೇವರು ಕೊಟ್ಟಷ್ಟು. ಗಿಡಗಳನ್ನು ನೋಡಲಿಲ್ಲವೇ ಅಂತ ನೀವು ಕೇಳಬಹುದು. ನೋಡಿದೆ. ಹಸಿರು ಎಲೆಯ ನಡುವೆ ಹಸಿರು ಕಾಯಿ, ಮೇಲೆ ಆ ಬಾಳೆಯಂಥ ಗಿಡದ ನೆರಳು. ಸಾಲಾಗಿ ನೆಟ್ಟ ಗಿಡ ನೋಡಿ ಪಳಗಿದ ನನ್ನ ಕಣ್ಣಿಗೆ ಅಲ್ಲಿ ಏನೂ ಗೊತ್ತಾಗಲಿಲ್ಲ. ಗೊತ್ತಾಗಲಿಲ್ಲ ಅಂತ ಬರೆಯಲು ಜಂಬ ಬಿಡಲಿಲ್ಲ. ಅವರು ಹೇಳಿದ್ದನ್ನು ಹಾಗೆಹಾಗೇ ಅಂದಾಜಿನ ಕಾಲಂನಲ್ಲಿ ತುಂಬಿದೆ.

ಕೊಯ್ಲು ಮುಗಿದ ಮೇಲೆ ಸಂಘದ ಕಾಗದ ಬಂತು. ಬೆಳೆ ನನ್ನ ಅಂದಾಜಿನ ದುಪ್ಪಟ್ಟು ದಾಟಿತ್ತು. ನಾನು ಒಂದು ಕ್ಷಣವೂ ಅನುಮಾನಿಸಲಿಲ್ಲ, ಅಂದರೆ ನನ್ನನ್ನು ಅನುಮಾನಿಸಲಿಲ್ಲ. ಹೊರಗಿನ ಕಾಫಿ ಬೆರೆಸಿದ್ದಾರೆ ಅಂತ ಬರೆದೆ. ಮುದ್ರೆಗೆ ತಡೆ ಬಿತ್ತು. ಕಳ್ಳರನ್ನು ಹಿಡಿದವಳ ಹಾಗೆ ಎರಡು ದಿನ ಆಫೀಸಿನಲ್ಲಿ ಓಡಾಡಿದೆ. ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ಆ ಭಾನುವಾರ ಊರಿಗೆ ಹೋದೆ. ಅವ್ವನ ಹುಳಗಳು ನಾಲ್ಕನೇ ಜ್ವರ ಎದ್ದಿದ್ದವು. ಪೊರೆ ಬಿಡುವ ಮೊದಲು ಹುಳ ಮೇವು ಬಿಟ್ಟು ಅಲ್ಲಾಡದೆ ಮಲಗುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತೇವೆ. ನಾಲ್ಕನೆಯದು ಎದ್ದರೆ ಇನ್ನೊಂದು ವಾರಕ್ಕೆ ಹಣ್ಣಾಗಿ ಗೂಡು ಕಟ್ಟುತ್ತವೆ. ಕಾಲು ತೊಳೆದು ಹುಳದ ಮನೆಯ ಬಾಗಿಲಲ್ಲಿ ನಿಂತೆ. ನೆಲದಿಂದ ತೊಲೆಯವರೆಗೆ ತಟ್ಟೆಗಳು ತುಂಬಿವೆ, ಒಂದೊಂದು ಹುಳವೂ ಬೆರಳುದ್ದ, ಸೊಪ್ಪು ಮೇಯುವ ಸದ್ದಿಗೆ ಹೊರಗೆ ಮಳೆ ಬರುತ್ತಿದೆಯೇನೋ ಅನ್ನಿಸುತ್ತಿದೆ. ಅಂಥ ಬೆಳೆಯನ್ನು ನಾನು ಚಿಕ್ಕಂದಿನಿಂದ ನೋಡಿರಲಿಲ್ಲ.

“ಅವ್ವ, ಈ ಸಲ ಬೆಳೆ ಹೆಂಗೈತೆ?” ಅಂದೆ.

ಅವ್ವ ತಲೆ ಎತ್ತಲಿಲ್ಲ. “ಏನೈತೆ, ಒಸಿ ಐತೆ. ಸರ್ಯಾಗಿ ಸೊಪ್ಪೇ ತಿಂತಾ ಇಲ್ಲ” ಅಂದಳು.

ತಮ್ಮ ಅತ್ತ ಮುಖ ಮಾಡಿ ನಕ್ಕ. ಗೂಡು ಬಿಡಿಸಿ ರಾಮನಗರದ ಮಾರುಕಟ್ಟೆಗೆ ಹೋಗೋವರೆಗೂ ಅವ್ವನ ಬಾಯಲ್ಲಿ ನಿಜವಾದ ಲೆಕ್ಕ ಬಂದದ್ದುಂಟೇ ಅಂತ ಅವನ ನಗು. ಅದು ನನಗೂ ಗೊತ್ತಿದ್ದದ್ದೇ. ನಮ್ಮ ಮನೆ ಒಂದೇ ಏನು, ಊರಿಗೆ ಊರೇ ಹಾಗೆ. ಹುಳ ಹಣ್ಣಾಗುವ ಹೊತ್ತಿನಲ್ಲಿ ಬೆಳೆ ಚೆನ್ನಾಗಿದೆ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಎಷ್ಟು ಮೊಟ್ಟೆಯ ಹುಳ ಸಾಕಿದ್ದೀರಿ ಅಂತ ಕೇಳಿದರೆ ನೂರಿದ್ದರೆ ಐವತ್ತು ಅನ್ನುತ್ತಾರೆ. ರೇಷ್ಮೆ ಇಲಾಖೆಯವರು ಪುಸ್ತಕ ಹಿಡಿದು ಬಂದರೆ ಇನ್ನೂ ಕಡಿಮೆ. ಕಣ್ಣು ಬೀಳುತ್ತದೆ ಅಂತ ಭಯ. “ನರಮನ್ಸನ ಕಣ್ಗೆ ಮರಾನೇ ಸಿಡೀತದಂತೆ, ಹುಳ ಯಾವ ಲೆಕ್ಕ” ಅನ್ನುವ ಮಾತು ಕೇಳಿಕೊಂಡೇ ನಾನು ಬೆಳೆದದ್ದು. ನಾನೇ ಎಂಟು ವರ್ಷದವಳಾಗಿದ್ದಾಗ ಯಾರೋ ನೆಂಟರ ಮುಂದೆ “ನಮ್ಮನೇಲಿ ರಾಶಿ ಹುಳ ಐತೆ” ಅಂತ ಬಡಬಡಿಸಿ ಬೆನ್ನಿಗೆ ಗುದ್ದಿಸಿಕೊಂಡಿದ್ದೆ.

ಬಾಗಿಲಲ್ಲೇ ಕೂತುಬಿಟ್ಟೆ. ಅಜ್ಜಿ ನೆಲ ನೋಡಿದ್ದು, ಎರಡು ಬೆರಳು ತೋರಿಸಿದ್ದು, ತೆಸ್ಫಾಯೆ ಏನೋ ಹೇಳಬಂದದ್ದು, ಒಂದೊಂದೇ ನೆನಪಾಯಿತು. ದೀಪದ ಬುಡದಲ್ಲಿ ಕತ್ತಲು ಅಂತಾರಲ್ಲ, ಹಾಗಾಗಿತ್ತು ನನ್ನ ಕಥೆ. ಅವ್ವನನ್ನು ಕೇಳಿದೆ, ಬರೆದುಕೊಳ್ಳಲು ಬಂದವರಿಗಾದರೂ ನಿಜ ಹೇಳಬಾರದೇ, ಅವರು ನಮ್ಮ ಒಳ್ಳೆಯದಕ್ಕೇ ಬಂದಿರುತ್ತಾರಲ್ಲ ಅಂತ. ಅವ್ವ ತಟ್ಟೆಗೆ ಸೊಪ್ಪು ಹರಡುತ್ತಾ ಹೇಳಿದಳು:

“ಬರ್ಕೊಂಡೋನು ಬರ್ಕೊಂಡು ಹೊಂಟೋಯ್ತಾನೆ ಕಣವ್ವ. ಹುಳ ನಮ್ಮನೇಲೇ ಅಲ್ವಾ ಇರೋದು.”

ಸೋಮವಾರ ಬೆಳಿಗ್ಗೆ ಚಂಗಪ್ಪನವರ ಮುಂದೆ ಹೋಗಿ ನಿಂತು ಎಲ್ಲ ಹೇಳಿದೆ. ಕೇಳಿಸಿಕೊಂಡು, “ಗಿಡ ಎಣಿಸಿದೆಯಾ?” ಅಂತ ಒಂದೇ ಪ್ರಶ್ನೆ ಕೇಳಿದರು. ಇಲ್ಲ ಅಂದೆ. ಮೂರನೇ ಕಾಫಿವರೆಗೂ ಕೂತಿದ್ದೆಯಾ? ಇಲ್ಲ. ಹಾಗಾದರೆ ಮುಖ್ಯ ಕಚೇರಿಗೆ ಪತ್ರ ನೀನೇ ಬರಿ, ನಿನ್ನ ಹೆಸರು ಹಾಕಿಯೇ ಬರಿ ಅಂದರು. ಬರೆದೆ. ಬರೆಯಲು ಮೂರು ದಿನ ಹಿಡಿಯಿತು. ಮೊದಲ ಕರಡಿನಲ್ಲಿ ಫಾರಂನ ತಪ್ಪು ಅಂತಿತ್ತು, ಎರಡನೆಯದರಲ್ಲಿ ದುಭಾಷಿಯ ತಪ್ಪು ಅಂತ ಅರ್ಧ ಇತ್ತು. ಅದನ್ನು ಹರಿದುಹಾಕಿ, ದುಭಾಷಿ ಹೇಳಬಂದಾಗ ನಾನೇ ತಡೆದೆ ಅಂತ ಬರೆದ ಮೇಲೆ ಸ್ವಲ್ಪ ನಿದ್ದೆ ಬಂತು.

ಅದರಿಂದ ಆದದ್ದು ಇಷ್ಟು. ನನ್ನ ಹಿಂದಿನ ವರದಿಗಳನ್ನೆಲ್ಲ ತೆಗೆಸಿ ನೋಡಿದರು, ಒಂದು ವರ್ಷ ನನ್ನನ್ನು ಎಲ್ಲಿಗೂ ಕಳಿಸದೆ ಕುರ್ಚಿಯಲ್ಲಿ ಕೂರಿಸಿದರು. ಮರುತಪಾಸಣೆಗೆ ಚಂಗಪ್ಪನವರೇ ಹೋದರು, ಮುಂದಿನ ಬೆಳೆಯ ಹಣ್ಣು ಕೆಂಪಗಾಗುವ ಹೊತ್ತಿಗೆ. ಯಾರನ್ನೂ ಏನೂ ಕೇಳಲಿಲ್ಲವಂತೆ. ಪ್ರತಿ ಮನೆಯಲ್ಲೂ ಗಿಡ ಎಣಿಸಿ, ಹತ್ತು ಗಿಡಕ್ಕೆ ಬಟ್ಟೆ ಕಟ್ಟಿ, ಅವುಗಳ ಹಣ್ಣನ್ನು ಮಾತ್ರ ಬೇರೆ ತೂಗಿಸಿದರಂತೆ. ಆ ಗಿಡಗಳು ಅಷ್ಟು ಬಿಡುತ್ತವೆ ಅಂತ ತಾಳೆಯಾಗಿ, ಹಿಂದಿನ ಸಲ ಸಂಘ ಮಾರಿದ್ದಷ್ಟೂ ಅವರದೇ ಬೆಳೆ, ಒಂದು ಹಿಡಿಯೂ ಹೊರಗಿನದಲ್ಲ ಅಂತ ರುಜುವಾತಾಯಿತು. ಮುದ್ರೆ ಮತ್ತೆ ಸಿಕ್ಕಿತು. ಆದರೆ ಅಷ್ಟರಲ್ಲಿ ಒಂದು ಬೆಳೆ ಮುದ್ರೆಯಿಲ್ಲದೆ ಸಿಕ್ಕವರಿಗೆ ಸಿಕ್ಕ ಬೆಲೆಗೆ ಹೋಗಿತ್ತು. ಗಿರಣಿಯ ಕೆಲಸ ಒಂದು ವರ್ಷ ತಡವಾಯಿತು. ಚಂಗಪ್ಪನವರು ಬಂದು ಹೇಳಿದ್ದು ಇನ್ನೊಂದು: “ನಾನು ಹೊರಡುವಾಗ ಸುಮ್ಮನೆ ಕೇಳಿದೆ. ನಿನ್ನ ಅಜ್ಜಿ ನನಗೂ ಸ್ವಲ್ಪ ಅಂತಲೇ ಹೇಳಿದಳು.”

ಅಂದಾಜಿಗೆ ರೈತರ ಬಾಯಿಮಾತನ್ನೇ ಆಧಾರ ಮಾಡುವ ಕಾಲಂ ಆಮೇಲೆ ನಮ್ಮ ಫಾರಂನಿಂದ ಹೋಯಿತು, ಎಣಿಸಿ ಬರೆಯಿರಿ ಅಂತಾಯಿತು. ಈಗಂತೂ ಈ ಕೆಲಸಕ್ಕೆ ಸೇರುವ ನಿಮ್ಮಂಥವರ ಕೈಯಲ್ಲಿ ಟ್ಯಾಬ್ ಇದೆ, ತೋಟದ ಮೂಲೆಮೂಲೆಯನ್ನು ಉಪಗ್ರಹ ತೋರಿಸುತ್ತದೆ. ನಾವು ಮೂರು ದಿನ ನಡೆದು ನೋಡುತ್ತಿದ್ದದ್ದನ್ನು ನೀವು ಬಸ್ಸಿನಲ್ಲಿ ಕೂತು ನೋಡಬಹುದು. ಒಳ್ಳೆಯದೇ ಆಯಿತು, ನಾನೇನು ಹಳೇ ಕಾಲವೇ ಚೆಂದ ಅನ್ನುವವಳಲ್ಲ. ಮೊಣಕಾಲು ಉಳಿಯುತ್ತದೆ. ಆದರೂ ಯಾವುದಾದರೊಂದು ಮನೆಯ ಬಾಗಿಲಲ್ಲಿ ನಿಂತು ಬೆಳೆ ಹೇಗಿದೆ ಅಂತ ನೀವು ಕೇಳಿಯೇ ಕೇಳುತ್ತೀರಿ. ಬಾಯಿ ಸುಮ್ಮನಿರುವುದಿಲ್ಲ.

ಆ ಪತ್ರ ಬರೆದ ಎರಡು ವರ್ಷದ ಮೇಲೆ ಅಜ್ಜಿಯ ಅದೇ ಊರಿಗೆ ಹೋಗುವ ಅವಕಾಶ ಸಿಕ್ಕಿತು. ತಪಾಸಣೆಗಲ್ಲ, ಸುತ್ತಲಿನ ಸಂಘಗಳವರಿಗೆ ಗಿಡ ಎಣಿಸಿ ಅಂದಾಜು ಮಾಡುವ ತರಬೇತಿ ಕೊಡಲು. ಕಳಿಸಿದವರು ಬೇಕಂತಲೇ ಕಳಿಸಿದರೋ ಏನೋ. ಬಸ್ಸಿಳಿಯುವಾಗಲೇ ಗಿರಣಿಯ ಸದ್ದು ಕೇಳಿಸಿತು. ಅದೇ ಜಾಗ, ತಗಡಿನ ಮಾಡು, ಹೊರಗೆ ಮೂಟೆ ಇಟ್ಟುಕೊಂಡು ಸಾಲಾಗಿ ನಿಂತ ಹೆಂಗಸರು. ತೆಸ್ಫಾಯೆ ಬಂದು ಕೈಕುಲುಕಿ ಅಜ್ಜಿಯ ಮನೆಗೆ ಕರೆದೊಯ್ದರು.

ಅಬೆಬೆಚ್ ಬೀಜ ಹುರಿಯುತ್ತಿದ್ದರು. ಮೊದಲ ಬಟ್ಟಲು ಕೈಗೆ ಬಂದಾಗ ನಾನು ಬಂದ ವಿಷಯ ಎತ್ತಲಿಲ್ಲ. ಮಳೆ, ಮೊಮ್ಮಕ್ಕಳು, ಹಸು ಅಂತ ಮಾತಾಯಿತು. ಎರಡನೇ ಬಟ್ಟಲಿಗೆ ಧೈರ್ಯ ಮಾಡಿ, ತಪ್ಪು ನನ್ನದು, ನಿಮ್ಮನ್ನು ಕಳ್ಳರು ಅಂತ ಬರೆದವಳು ನಾನೇ ಅಂದೆ. ಅವ್ವನ ವಿಷಯ ಹೇಳಿದೆ. ಸೊಪ್ಪು ತಿನ್ನುವ ಹುಳ, ಅದರ ಬಾಯಿಂದ ಬರುವ ರೇಷ್ಮೆ, ಹಣ್ಣಾಗುವವರೆಗೆ ಅವ್ವ ಯಾರಿಗೂ ಲೆಕ್ಕ ಬಿಟ್ಟುಕೊಡದಿರುವುದು, ಎಲ್ಲವನ್ನೂ. ಹುಳ ಎಷ್ಟು ದಪ್ಪ, ರಾತ್ರಿಯೂ ತಿನ್ನುತ್ತದೆಯೇ, ಕಚ್ಚುತ್ತದೆಯೇ ಅಂತ ಅಜ್ಜಿ ಕೆದಕಿ ಕೆದಕಿ ಕೇಳಿದರು. ಕ್ಷಮಿಸಿದೆ ಅಂತ ಮಾತ್ರ ಹೇಳಲಿಲ್ಲ.

“ಆ ಒಂದು ವರ್ಷವೂ ನನ್ನ ಸೊಸೆ ದೂರದ ಗಿರಣಿಗೆ ಮೂಟೆ ಹೊತ್ತುಕೊಂಡೇ ಹೋದಳು. ಬಸುರಿ ಇದ್ದಳು” ಅಂದರು.

ನನಗೆ ಅಳು ಬಂತು. ಅತ್ತೆ. ಅಜ್ಜಿ ತಡೆಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಹೂಜಿಗೆ ನೀರು ಹಾಕಿ ಮೂರನೆಯದಕ್ಕೆ ಇಟ್ಟರು. ಸೊಸೆ ಹಿತ್ತಲಿಂದ ಒಂದು ಹೆಣ್ಣುಮಗುವನ್ನು ಎತ್ತಿಕೊಂಡು ಬಂದು ಬಾಗಿಲ ಬಳಿ ಕೂತಳು. ಮಗು ಗುಂಡಗೆ, ಚೆಂದವಾಗಿತ್ತು. ನಾನು ಹೊಗಳಲಿಲ್ಲ. ಅಷ್ಟು ಬುದ್ಧಿ ಬಂದಿತ್ತು.

ಮೂರನೇ ಬಟ್ಟಲು ಕೊಡುತ್ತಾ ಅಜ್ಜಿ ತೆಸ್ಫಾಯೆಯ ಕಡೆ ನೋಡಿ ಏನೋ ಕೇಳಿದರು. “ನಿಮ್ಮ ತಾಯಿಯ ಹುಳದ ಬೆಳೆ ಈ ಸಲ ಹೇಗಿದೆ ಅಂತ ಕೇಳ್ತಿದ್ದಾರೆ” ಅಂದರು ಅವರು.

ಊರಿನಲ್ಲಿ ಆ ವಾರ ಹುಳ ಹಣ್ಣಾಗುವುದಿತ್ತು. ಹಿಂದಿನ ದಿನವೇ ತಮ್ಮ ಫೋನ್ ಮಾಡಿ, ಇಂಥ ಬೆಳೆ ಕಂಡೇ ಇಲ್ಲ ಕಣಕ್ಕ, ಚಂದ್ರಿಕೆ ಸಾಲದೆ ಪಕ್ಕದ ಮನೆಯಿಂದ ತಂದಿದ್ದೀವಿ ಅಂತ ಗುಟ್ಟಾಗಿ ಹೇಳಿದ್ದ. ಹುಳ ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟೆ ಅದು. ಅದೆಲ್ಲ ನನಗೆ ಚೆನ್ನಾಗಿ ನೆನಪಿತ್ತು. ಅಷ್ಟಾಗಿಯೂ ನನ್ನ ಕಣ್ಣು ನೆಲಕ್ಕೆ ಹೋಯಿತು, ಬಾಯಿಂದ ತಾನಾಗಿ ಬಂದುಬಿಟ್ಟಿತು:

“ಏನೋ, ಸ್ವಲ್ಪ ಇದೆ.”

ತೆಸ್ಫಾಯೆ ನನ್ನನ್ನೇ ನೋಡಿದರು. ಒಂದಿಷ್ಟೂ ನಗದೆ ಅಜ್ಜಿಯ ಕಡೆ ತಿರುಗಿ ಎರಡೇ ಮಾತಿನಲ್ಲಿ ಅದನ್ನು ಹೇಳಿ, ಮತ್ತೆ ನನಗೆ, “ನೀವು ಹೇಳಿದ್ದನ್ನಷ್ಟೇ ಹೇಳಿದೆ, ಮೇಡಂ. ನನ್ನ ಅಭಿಪ್ರಾಯ ಸೇರಿಸಿಲ್ಲ” ಅಂದರು.

ಅಜ್ಜಿಯ ಮುಖವೆಲ್ಲ ನಗುವಾಯಿತು. ಬಾಗಿ, ನನ್ನ ಮಡಿಲಲ್ಲಿದ್ದ ನೋಟ್ ಪುಸ್ತಕವನ್ನು ಬೆರಳಿನಿಂದ ಎರಡು ಸಲ ಕುಟ್ಟಿ, ಬರೆದುಕೋ ಅಂತ ಕೈಸನ್ನೆ ಮಾಡಿದರು.